ಶನಿವಾರ ಮಧ್ಯಾಹ್ನಕ್ಕೊಂದು ಕೋಣೆ ಕೊಡಿ: ಮಲೆನಾಡಿನ ಮಕ್ಕಳ ಮನೋವೈದ್ಯನ ಬಹಿರಂಗ ಪತ್ರ

ರಾಜ್ಯದ ಆರೋಗ್ಯ ಸಚಿವರಿಗೆ, ಶಿವಮೊಗ್ಗದ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ. ಹುಟ್ಟಿದ್ದು ಹೊಸನಗರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯಲ್ಲಿ. ಕೆಲಸ ಮಾಡಿದ್ದು ಹೆಚ್ಚಾಗಿ ಇದೇ ಜಿಲ್ಲೆಯಲ್ಲಿ. ಇನ್ನು ಕೆಲವೇ ದಿನದಲ್ಲಿ ಪ್ರಾಕ್ಟೀಸ್ ಕಡಿಮೆ ಮಾಡಬೇಕು ಅಂತಿದ್ದೇನೆ. ಅದಕ್ಕೆ ಮುಂಚೆ ನಿಮ್ಮನ್ನು ಕೇಳಬೇಕಾದ್ದು ಒಂದಿದೆ.

ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಶನಿವಾರ ಮಧ್ಯಾಹ್ನ ಮಕ್ಕಳಿಗಾಗಿಯೇ ಒಂದು ಕೋಣೆ ಬೇಕು. ಅಲ್ಲಿ ಕೂರಲು ಮಕ್ಕಳ ಮನಸ್ಸಿನ ಬಗ್ಗೆ ತರಬೇತಿ ಪಡೆದವರು ಬೇಕು. ಅವರು ಒಂದು ಮಗುವಿಗೆ ಮುಕ್ಕಾಲು ಗಂಟೆ ಕೊಟ್ಟರೆ, ‘ಇವತ್ತು ಯಾಕೆ ಇಷ್ಟೇ ಪೇಷೆಂಟ್?’ ಅಂತ ಯಾರೂ ಕೇಳಬಾರದು. ಈ ಮೂರನೆಯದನ್ನು ಲಿಖಿತ ಆದೇಶದಲ್ಲೇ ಕೊಡಿ. ಅದಿಲ್ಲದಿದ್ದರೆ ಮೊದಲಿನ ಎರಡು ಇದ್ದೂ ಪ್ರಯೋಜನ ಇಲ್ಲ.

ಯಾಕೆ ಅಂತ ಹೇಳಲು ಒಬ್ಬ ಹುಡುಗನ ವಿಷಯ ಬರೆಯುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ನಾಲ್ಕನೇ ಕ್ಲಾಸಿನ ಹುಡುಗ. ಊರು ಶರಾವತಿ ಹಿನ್ನೀರಿನ ಕಡೆ. ಮಳೆಗಾಲ ಶುರುವಾಯಿತು ಅಂದರೆ ಬೆಳಗ್ಗೆ ಹೊಟ್ಟೆನೋವು. ಬ್ಯಾಗು ಹೆಗಲಿಗೆ ಹಾಕುವ ಹೊತ್ತಿಗೆ ಬೆವರು, ಒಂದೊಂದು ದಿನ ವಾಂತಿ. ಭಾನುವಾರ ಆರಾಮಾಗಿ ಇರುತ್ತಿದ್ದ. ಹುಳದ ಮಾತ್ರೆ ಆಯಿತು, ಸ್ಕ್ಯಾನಿಂಗ್ ಆಯಿತು, ಚೌಡಿಗೆ ಹಣ್ಣುಕಾಯಿ ಆಯಿತು, ಕೊರಳಿಗೆ ತಾಯಿತವೂ ಬಂತು. ‘ಸ್ಕೂಲು ತಪ್ಪಿಸೋ ನಾಟಕ’ ಅಂತ ಅಪ್ಪನ ಕೈಯಲ್ಲಿ ಪೆಟ್ಟೂ ತಿಂದಿದ್ದ.

ನನ್ನ ಹತ್ತಿರ ಬಂದ ಮೊದಲ ದಿನ ಅವನು ಬಾಯಿ ಬಿಡಲಿಲ್ಲ. ನಾನೂ ಹೊಟ್ಟೆನೋವಿನ ಸುದ್ದಿ ಎತ್ತಲಿಲ್ಲ. ಇಬ್ಬರೂ ನೆಲದ ಮೇಲೆ ಕೂತು ಜೇಡಿಮಣ್ಣಿನಲ್ಲಿ ದನ, ಕರು ಮಾಡಿದೆವು. ಮುಂದಿನ ಸಲ ಬಣ್ಣದ ಪೆನ್ಸಿಲ್ ಕೊಟ್ಟೆ. ಮನೆ ಬರೆದ, ಕೊಟ್ಟಿಗೆ ಬರೆದ, ತೋಟದ ಕೆಳಗಿನ ಹಳ್ಳ ಬರೆದ. ಹಳ್ಳಕ್ಕೆ ಬಣ್ಣ ತುಂಬುವಾಗ ಪೆನ್ಸಿಲನ್ನು ಎಷ್ಟು ಒತ್ತಿದ ಅಂದರೆ ಹಾಳೆ ಹರಿಯಿತು. ಹಳ್ಳದ ಮೇಲೆ ಅಡ್ಡಕ್ಕೆ ಎರಡು ಗೆರೆ ಎಳೆದ.

‘ಇದೇನು?’ ಅಂದೆ.

‘ಸಂಕ.’

‘ಯಾರು ದಾಟ್ತಾರೆ?’

‘ಅಮ್ಮ. ಡೈರಿಗೆ ಹಾಲು ಹಾಕೋಕೆ ಹೋಗ್ತಾಳೆ. ನಾನು ಸ್ಕೂಲಲ್ಲಿದ್ದಾಗ.’

ಹಿಂದಿನ ವರ್ಷದ ಮಳೆಯಲ್ಲಿ ಪಕ್ಕದ ಮನೆಯ ಕರು ಅದೇ ಹಳ್ಳದಲ್ಲಿ ಕೊಚ್ಚಿಕೊಂಡು ಹೋಗಿತ್ತು. ಅವನು ದಡದಲ್ಲಿ ನಿಂತು ನೋಡಿದ್ದ. ಮನೆಯಲ್ಲಿ ಯಾರಿಗೂ ಆ ಕರುವಿನ ನೆನಪೇ ಇರಲಿಲ್ಲ.

ಆ ಹುಡುಗನಿಗೆ ಸ್ಕೂಲಿನ ಭಯ ಇರಲಿಲ್ಲ. ತಾನು ಸ್ಕೂಲಿನಲ್ಲಿದ್ದಾಗ ಅಮ್ಮ ನೀರುಪಾಲಾದರೆ ಅನ್ನುವ ಭಯ ಇತ್ತು. ಹೊಟ್ಟೆನೋವು ಸುಳ್ಳಲ್ಲ. ಭಯ ಆದಾಗ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಅದನ್ನು ಅಪ್ಪನಿಗೆ ಅರ್ಥ ಮಾಡಿಸಿದ್ದೇ ಚಿಕಿತ್ಸೆಯ ಅರ್ಧ ಭಾಗ. ಹೆಡ್‌ಮಾಸ್ಟರು ಮಧ್ಯಾಹ್ನ ಊಟದ ಹೊತ್ತಿಗೆ ತಮ್ಮ ಮೊಬೈಲಿನಿಂದ ಅವನ ಅಮ್ಮನಿಗೆ ಒಂದು ಫೋನ್ ಮಾಡಿಸಲು ಒಪ್ಪಿದರು. ಮೊದಲು ಅರ್ಧ ದಿನ ಸ್ಕೂಲು, ಆಮೇಲೆ ಪೂರ್ತಿ ದಿನ. ಫೋನ್ ದಿನಾ ಇದ್ದದ್ದು ದಿನ ಬಿಟ್ಟು ದಿನ ಆಯಿತು, ಆಮೇಲೆ ಬೇಡವೇ ಆಯಿತು. ಅಪ್ಪ ಸಂಕಕ್ಕೆ ಕೈಯಲ್ಲಿ ಹಿಡಿದುಕೊಳ್ಳಲು ಬಿದಿರಿನ ಗಳ ಕಟ್ಟಿದರು. ಮಗನನ್ನು ಕೂರಿಸಿಕೊಂಡೇ ಕಟ್ಟಿದರಂತೆ. ಒಂದು ಮಾತ್ರೆಯೂ ಬರೆಯಲಿಲ್ಲ.

ಇದೇ ಹುಡುಗ ಐದು ನಿಮಿಷದ ಓಪಿಡಿಗೆ ಬಂದಿದ್ದರೆ ಏನಾಗುತ್ತಿತ್ತು? ಹೊರಗೆ ಐವತ್ತು ಜನ ಕಾಯುತ್ತಿರುತ್ತಾರೆ. ಡಾಕ್ಟರು ಎಷ್ಟೇ ಒಳ್ಳೆಯವರಾಗಿರಲಿ, ಗ್ಯಾಸಿಗೋ ನಿದ್ದೆಗೋ ಒಂದು ಚೀಟಿ ಬರೆದು ಕಳಿಸುತ್ತಾರೆ. ಅವರ ತಪ್ಪು ಅಂತ ನಾನು ಹೇಳಲಾರೆ. ಮಗು ಮಾತಾಡಲು ಬೇಕಾದ ಸಮಯವನ್ನು ಅವರಿಗೆ ಯಾರೂ ಕೊಟ್ಟಿಲ್ಲ.

ನಾನು ಎಂಬಿಬಿಎಸ್ ಓದಿದ್ದು ಹುಬ್ಬಳ್ಳಿಯ ಕೆಎಂಸಿಯಲ್ಲಿ. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್. ಮಕ್ಕಳ ವಿಭಾಗಕ್ಕೆ ಸೇರುತ್ತೇನೆ ಅಂದಾಗ ಊರಲ್ಲಿ ಎಲ್ಲರೂ ಕೇಳಿದ್ದು ಒಂದೇ: ‘ಮಕ್ಕಳಿಗೂ ತಲೆ ಕೆಡುತ್ತಾ?’ ಅಮ್ಮನಿಗೆ ನಾನು ಜ್ವರ, ಶೀತ ನೋಡುವ ಮಕ್ಕಳ ಡಾಕ್ಟರಾದರೆ ಸಾಕಿತ್ತು. ನಿಮ್ಹಾನ್ಸ್‌ನ ಮಕ್ಕಳ ವಾರ್ಡಿನಲ್ಲಿ ಮಗುವಿನ ಜೊತೆ ಅಪ್ಪನೋ ಅಮ್ಮನೋ ಉಳಿದುಕೊಳ್ಳುತ್ತಾರೆ. ನನ್ನ ಕೆಲಸದ ದಾರಿಯನ್ನು ತಿದ್ದಿದ್ದು ಅದೇ. ಮಗುವನ್ನು ಮನೆಯಿಂದ ಕಿತ್ತು ತಂದು ಸರಿ ಮಾಡಿ ವಾಪಸ್ ಕೊಡುವ ಕೆಲಸ ಇದಲ್ಲ. ಅಮ್ಮ ಹೇಗೆ ಕರೆಯುತ್ತಾಳೆ, ಅಪ್ಪ ಹೇಗೆ ಗದರುತ್ತಾನೆ, ಮಗು ಯಾವಾಗ ಕಿವಿ ಮುಚ್ಚಿಕೊಳ್ಳುತ್ತದೆ, ಇದನ್ನೆಲ್ಲ ನೋಡುತ್ತಾ ಅವರಿಗೇ ಕಲಿಸುವ ಕೆಲಸ.

ಆಗ ಈ ವಿಷಯಕ್ಕೇ ಅಂತ ಡಿ.ಎಂ. ಕೋರ್ಸ್ ಇರಲಿಲ್ಲ. ಈಗ ನಿಮ್ಹಾನ್ಸ್‌ನಲ್ಲಿ ಇದೆ. ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ 5.5 ವರ್ಷ, ಎಂ.ಡಿ.ಗೆ 3, ಅದರ ಮೇಲೆ ಡಿ.ಎಂ.ಗೆ 3. ಹನ್ನೊಂದೂವರೆ ವರ್ಷ ಓದಿದವರು ದೊಡ್ಡ ನಗರದಲ್ಲಿ ನಿಲ್ಲುವುದು ಸಹಜ. ಅವರನ್ನು ಇತ್ತ ಕರೆಯುವ ಹುದ್ದೆಯೇ ಇಲ್ಲದಿದ್ದರೆ ಅವರಾದರೂ ಯಾಕೆ ಬರುತ್ತಾರೆ?

ಶಿವಮೊಗ್ಗಕ್ಕೆ ಮನೋವೈದ್ಯ ಹೊಸಬನಲ್ಲ. ಡಾ. ಅಶೋಕ್ ಪೈ ಅವರು ಇದೇ ಊರಿನಲ್ಲಿ ಕೂತು, ಮನಸ್ಸಿನ ಕಾಯಿಲೆ ಮುಚ್ಚಿಡುವ ವಿಷಯ ಅಲ್ಲ ಅಂತ ಜನರಿಗೆ ತಿಳಿಹೇಳಿದರು. ಆಸ್ಪತ್ರೆಯಲ್ಲಷ್ಟೇ ಅಲ್ಲ, ಸಿನಿಮಾ ನಿರ್ಮಿಸಿಯೂ ಹೇಳಿದರು. 2016ರಲ್ಲಿ ಅವರು ತೀರಿಕೊಂಡರು. ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳನ್ನು ಓದಿ ‘ನಮ್ಮ ಹುಡುಗನಿಗೂ ಹೀಗೇ ಆಗಿದೆ ಸರ್’ ಅಂತ ಬಂದ ಅಪ್ಪಂದಿರನ್ನು ನಾನು ನೋಡಿದ್ದೇನೆ. ಜನ ತಯಾರಿದ್ದಾರೆ. ಬರಲು ಜಾಗ ಇಲ್ಲ, ಅಷ್ಟೇ.

ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. 40 ಮಕ್ಕಳ ಹೈಸ್ಕೂಲ್ ಕ್ಲಾಸಿನಲ್ಲಿ ಹೆಚ್ಚುಕಡಿಮೆ ಮೂವರು. ದೊಡ್ಡವರ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು ಶುರುವಾಗುವುದೇ 14 ವರ್ಷದೊಳಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಲೆನಾಡಿನ ಕ್ಲಾಸಿನ ಆ ಮೂವರು ಮಕ್ಕಳು ಯಾರು ಅಂತ ಅವರ ಟೀಚರಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ಎಲ್ಲಿಗೆ ಕಳಿಸಬೇಕು ಅನ್ನುವುದು ಗೊತ್ತಿರುವುದಿಲ್ಲ.

ಸಾಗರದಿಂದ ಶಿವಮೊಗ್ಗಕ್ಕೆ ಎಪ್ಪತ್ತು ಕಿಲೋಮೀಟರಿನಷ್ಟು. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು ಮೊದಲು ಸಾಗರ ಮುಟ್ಟಬೇಕು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದಮೇಲೆ ಲಾಂಚಿಗೆ ಕಾಯುವುದು ತಪ್ಪಿತು, ಅದು ದೊಡ್ಡ ಉಪಕಾರ. ಆದರೂ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಹೋಗಿ ಬರುವುದು ಅಂದರೆ ಒಂದು ದಿನ ಪೂರ್ತಿ ಹೋಯಿತು. ಅಪ್ಪನ ಕೂಲಿ ಹೋಯಿತು, ಮಗುವಿನ ಸ್ಕೂಲೂ ಹೋಯಿತು. ಬೆಂಗಳೂರು ಇನ್ನೂ ಮುನ್ನೂರು ಕಿಲೋಮೀಟರು. ನಮ್ಮ ಚಿಕಿತ್ಸೆ ಒಂದೇ ಭೇಟಿಯಲ್ಲಿ ಮುಗಿಯುವಂಥದ್ದೂ ಅಲ್ಲ. ಎರಡನೇ ಸಲ ಬರಲಾಗದವರಿಗೆ ಮೊದಲ ಸಲ ನೋಡಿ ಏನು ಉಪಯೋಗ?

ಹದಿಹರೆಯದವರದ್ದು ಬೇರೆಯೇ ಕಥೆ. ಹಾಸ್ಟೆಲಿನಲ್ಲಿರುವ ಪಿಯುಸಿ ಹುಡುಗಿ ಕ್ಲಾಸಿನಲ್ಲಿ ಹಲ್ಲು ಕಚ್ಚಿಕೊಂಡು ಬೀಳುತ್ತಾಳೆ. ಮೆದುಳಿನ ಪರೀಕ್ಷೆ ಇಇಜಿ ಮಾಡಿಸಿದರೆ ನಾರ್ಮಲ್. ಆಗ ಅರ್ಧ ಜನ ‘ನಾಟಕ’ ಅನ್ನುತ್ತಾರೆ, ಅರ್ಧ ಜನ ‘ಗಾಳಿ ಸೋಕಿದೆ’ ಅನ್ನುತ್ತಾರೆ. ಎರಡೂ ಅಲ್ಲ. ಅವಳು ಬೇಕಂತ ಬೀಳುತ್ತಿಲ್ಲ. ತಡೆಯಲಾಗದ ಒತ್ತಡ ಇದ್ದು, ಹೇಳಿಕೊಳ್ಳಲು ಯಾರೂ ಇಲ್ಲದಾಗ ಮೈ ಹೀಗೆ ಮಾಡುತ್ತದೆ. ಇಂಥ ಮಕ್ಕಳ ಜೊತೆ ಮಾತಾಡುವಾಗ ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುತ್ತೇನೆ. ಅದಕ್ಕೆ ಮುಂಚೆ ಎಲ್ಲರ ಎದುರಿಗೇ ಒಂದು ಮಾತು ಹೇಳುತ್ತೇನೆ: ನೀನು ಹೇಳಿದ್ದು ನನ್ನಲ್ಲೇ ಇರುತ್ತದೆ. ಆದರೆ ನಿನ್ನ ಜೀವಕ್ಕೆ ಅಪಾಯ ಇದ್ದರೆ, ಯಾರಾದರೂ ನಿನಗೆ ಹಿಂಸೆ ಕೊಡುತ್ತಿದ್ದರೆ, ಆಗ ನಾನು ಸುಮ್ನೆ ಇರುವ ಹಾಗಿಲ್ಲ. ಲೈಂಗಿಕ ಹಿಂಸೆ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ತಿಳಿಸಲೇಬೇಕು, ಅದನ್ನೂ ಮೊದಲೇ ಹೇಳಿರುತ್ತೇನೆ. ಆಟ ಶುರುವಾಗುವ ಮೊದಲೇ ನಿಯಮ ಗೊತ್ತಿದ್ದರೆ ಮಕ್ಕಳು ನಂಬುತ್ತಾರೆ.

ಸಾಯಬೇಕು ಅನ್ನಿಸಿದೆಯಾ ಅಂತ ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಆ ಯೋಚನೆ ತಲೆಗೆ ಬಂದುಬಿಡುತ್ತದೆ ಅನ್ನುವ ಹೆದರಿಕೆ ಟೀಚರುಗಳಿಗೂ ಇದೆ. ಹಾಗಾಗುವುದಿಲ್ಲ. ಕೇಳಿದವರೊಬ್ಬರು ಸಿಕ್ಕರಲ್ಲ ಅಂತ ಎಷ್ಟೋ ಮಕ್ಕಳಿಗೆ ಎದೆ ಹಗುರ ಆಗುತ್ತದೆ. ಮನೆಯವರಿಗೆ ತೋಟಕ್ಕೆ ಹೊಡೆಯುವ ವಿಷದ ಔಷಧಿ ಇಟ್ಟ ಜಾಗಕ್ಕೆ ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ ಅಂತ ತಪ್ಪದೆ ಹೇಳುತ್ತೇನೆ. ಮಲೆನಾಡಿನ ಮನೆಗಳಲ್ಲಿ ಈ ಒಂದು ಬೀಗಕ್ಕೆ ಜೀವ ಉಳಿಸುವ ಶಕ್ತಿ ಇದೆ. ಇದನ್ನು ಓದುತ್ತಿರುವ ಮಕ್ಕಳಿಗೂ, ದೊಡ್ಡವರಿಗೂ ಇಲ್ಲೇ ಹೇಳುತ್ತೇನೆ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ರಾತ್ರಿ ಹಗಲು ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದು ಒಳ್ಳೆಯ ಸೇವೆ. ಆದರೆ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುವ ಊರುಗಳು ನಮ್ಮಲ್ಲಿವೆ. ಒಂದೇ ಮೊಬೈಲನ್ನು ಇಡೀ ಮನೆ ಬಳಸುವಾಗ ಗುಟ್ಟಿನ ಮಾತು ಎಲ್ಲಿಂದ ಬರಬೇಕು? ಫೋನ್ ಇದ್ದರೂ ಎದುರಿಗೆ ಕೂರುವ ಮನುಷ್ಯ ಬೇಕು.

ಔಷಧಿಯನ್ನು ನಾನು ವಿರೋಧಿಸುವವನಲ್ಲ. ಬೇಕಾದ ಕಡೆ ಧೈರ್ಯವಾಗಿ ಬರೆಯುತ್ತೇನೆ. ಒಂದು ಕಡೆ ಕೂರಲಾಗದೆ, ಬರೆದದ್ದನ್ನು ಮುಗಿಸಲಾಗದೆ ದಿನಾ ಬೈಸಿಕೊಳ್ಳುವ ಮಕ್ಕಳಲ್ಲಿ ಕೆಲವರಿಗೆ ಮಾತ್ರೆ ತುಂಬಾ ಸಹಾಯ ಮಾಡುತ್ತದೆ. ಆದರೆ ಆರು ವರ್ಷದೊಳಗಿನ ಮಗುವಾದರೆ ಮೊದಲು ಅಪ್ಪ ಅಮ್ಮನಿಗೆ ತರಬೇತಿ, ಮಾತ್ರೆ ಏನಿದ್ದರೂ ಆಮೇಲೆ. ಏಳು ವರ್ಷವಾದರೂ ಹಾಸಿಗೆಯಲ್ಲಿ ಉಚ್ಚೆ ಮಾಡುವ ಮಗು ಸೋಮಾರಿ ಅಲ್ಲ, ಹೊಡೆದರೆ ಅದು ನಿಲ್ಲುವುದೂ ಇಲ್ಲ. ಅಕ್ಷರ ಹಿಂದೆಮುಂದೆ ಮಾಡುವ ಮಗು ದಡ್ಡ ಅಲ್ಲ. ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರು, ಹೀಗೆ ಕೆಲವು ರಿಯಾಯಿತಿ ಸಿಗುತ್ತವೆ. ಅದಕ್ಕೆ ಸರ್ಟಿಫಿಕೇಟ್ ಬೇಕು, ಸರ್ಟಿಫಿಕೇಟಿಗೆ ಪರೀಕ್ಷಿಸುವವರು ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧದ ಪಟ್ಟಿಯಲ್ಲಿ ಆಟಿಸಂ ಇದೆ, ಕಲಿಕೆಯ ತೊಂದರೆಯೂ ಇದೆ. ಕಾಗದದಲ್ಲಿರುವ ಹಕ್ಕು ಹೊಸನಗರದ ಹುಡುಗನ ಕೈಗೆ ಬರುವ ಹೊತ್ತಿಗೆ ಅವನು ಸ್ಕೂಲು ಬಿಟ್ಟಿರುತ್ತಾನೆ.

ನನಗೆ ಜಾಸ್ತಿ ಸಂಕಟ ಆಗುವುದು ಪುಟ್ಟ ಮಕ್ಕಳನ್ನು ತಡವಾಗಿ ತಂದಾಗ. ಒಂದೂವರೆ ವರ್ಷದ ಮಗು ಹೆಸರು ಕರೆದರೆ ತಿರುಗುವುದಿಲ್ಲ. ಚಂದಮಾಮನ ಕಡೆಗೋ ಬಸ್ಸಿನ ಕಡೆಗೋ ಬೆರಳು ತೋರಿಸಿ, ಅಮ್ಮನ ಮುಖ ನೋಡುವುದಿಲ್ಲ. ಇವು ಆಟಿಸಂನ ಲಕ್ಷಣ ಇರಬಹುದು, ಆಗಲೇ ತೋರಿಸಬೇಕು. ಆದರೆ ‘ಅವನ ಅಪ್ಪನೂ ಮಾತು ಕಲಿತಿದ್ದು ಲೇಟು’ ಅಂತ ಅಜ್ಜಿ ಹೇಳುತ್ತಾರೆ, ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಾರೆ. ನಾಲ್ಕೂವರೆಗೆ ಸ್ಕೂಲಿಗೆ ಸೇರಿಸುವಾಗ ಟೀಚರು ಬೇಡ ಅನ್ನುತ್ತಾರೆ, ಆಗ ನಮ್ಮ ಹತ್ತಿರ ಓಡಿ ಬರುತ್ತಾರೆ. ಕಲಿಸಲು ಎಲ್ಲಕ್ಕಿಂತ ಒಳ್ಳೆಯ ಸಮಯ ಅಷ್ಟರಲ್ಲಿ ಕೈತಪ್ಪಿರುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು ಅಂತಿದೆ. ಆ ಸಲ ತೂಕ, ಹಲ್ಲು, ಕಣ್ಣಿನ ಜೊತೆ ‘ಹೆಸರು ಕರೆದರೆ ತಿರುಗುತ್ತಾ, ಬೆರಳು ತೋರಿಸುತ್ತಾ’ ಅನ್ನುವ ಎರಡು ಪ್ರಶ್ನೆಯನ್ನು ಅವಸರ ಇಲ್ಲದೆ ಅಮ್ಮನ ಹತ್ತಿರ ಕೇಳಿದರೆ ಎಷ್ಟೋ ಮಕ್ಕಳು ಬೇಗ ಸಿಗುತ್ತಾರೆ.

ತಾಯಿತ ಕಟ್ಟಿಸಿದರು, ಮಂತ್ರ ಹಾಕಿಸಿದರು ಅಂತ ನಾನು ಯಾರನ್ನೂ ಬೈಯುವುದಿಲ್ಲ. ಬೈದರೆ ಮುಂದಿನ ಸಲ ಬರುವುದಿಲ್ಲ, ಬಂದರೂ ನಿಜ ಹೇಳುವುದಿಲ್ಲ. ಪೂಜೆ ಮಾಡಿಸಿ, ಮದ್ದೂ ಬಿಡಬೇಡಿ ಅನ್ನುತ್ತೇನೆ. ಮಗುವಿಗೆ ಬರೆ ಹಾಕುವುದು, ಉಪವಾಸ ಕೆಡವುವುದು, ಹೊಡೆಯುವುದು ಇದ್ದರೆ ಮಾತ್ರ ಬಿಗಿಯಾಗಿ ನಿಲ್ಲುತ್ತೇನೆ. ಊರಿನ ಭಟ್ಟರೊಬ್ಬರು ಈಗ ತಾವೇ ‘ಮೊದಲು ಡಾಕ್ಟರಿಗೆ ತೋರಿಸಿ ಬನ್ನಿ’ ಅಂತ ಕಳಿಸುತ್ತಾರೆ. ಅವರು ಕಳಿಸಿದ ಮಕ್ಕಳು ಬೇಗ ಬರುತ್ತಾರೆ. ಅಂಥವರ ನೆರವನ್ನು ಇಲಾಖೆಯೂ ಕೇಳಬಹುದು.

ಈಗ ವ್ಯವಸ್ಥೆಯ ಮಾತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದಾರಿ ತೋರಿಸಿದ್ದೇ ನಮ್ಮ ರಾಜ್ಯ. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿ ನೋಡಿದ ಪ್ರಯೋಗದ ಮೇಲೆ 1996ರಲ್ಲಿ ಕೇಂದ್ರ ಸರ್ಕಾರ ಅದನ್ನು ಶುರು ಮಾಡಿತು. ಈ ಕಾರ್ಯಕ್ರಮದ ಜಿಲ್ಲಾ ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್ ಇರುತ್ತಾರೆ. ಮಕ್ಕಳಿಗೇ ಅಂತ ಒಂದು ಹುದ್ದೆ ಇಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯನ್ನೂ ನಮ್ಮ ರಾಜ್ಯ ಮಾಡಿದೆ. ಒಳ್ಳೆಯ ಕೆಲಸ. ಆದರೆ ಮಂಗಳವಾರ ಸ್ಕೂಲಿನ ದಿನ. ಕುಡಿತ ಬಿಡಿಸಲು ಬಂದವರು, ವರ್ಷಗಟ್ಟಲೆ ಕಾಯಿಲೆ ಇರುವ ದೊಡ್ಡವರು ಕೂತ ಬೆಂಚಿನಲ್ಲೇ ಎಂಟು ವರ್ಷದ ಮಗು ಕೂರಬೇಕು. ಊರಿನವರು ಯಾರಾದರೂ ನೋಡಿದರೆ ಎಂಬ ಭಯಕ್ಕೆ ಹದಿನೈದರ ಹುಡುಗಿ ಆಸ್ಪತ್ರೆಯ ಗೇಟಿನಿಂದಲೇ ವಾಪಸ್ ಹೋಗುತ್ತಾಳೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ದಾಖಲಾದ ಮಕ್ಕಳನ್ನು ದೊಡ್ಡವರಿಂದ ಬೇರೆ ಇಡಬೇಕು, ಜೊತೆಗೆ ಪೋಷಕರು ಇರಬೇಕು ಅನ್ನುತ್ತದೆ. ಒಳರೋಗಿಗೆ ಇರುವ ಆ ಕಾಳಜಿ ಹೊರರೋಗಿ ವಿಭಾಗದ ಬೆಂಚಿಗೂ ಬರಲಿ.

ಅದಕ್ಕೇ ಶನಿವಾರ ಮಧ್ಯಾಹ್ನ ಅಂದೆ. ಅವತ್ತು ಸ್ಕೂಲು ಬೆಳಗ್ಗೆಯೇ ಮುಗಿಯುತ್ತದೆ. ಟೀಚರೂ ಜೊತೆಗೆ ಬರಬಹುದು. ಆಸ್ಪತ್ರೆಯ ಓಪಿಡಿ ಗಲಾಟೆ ಕಡಿಮೆ ಇರುತ್ತದೆ. ಕೋಣೆಗೆ ಖರ್ಚು ಹೆಚ್ಚಿಲ್ಲ: ಒಂದು ಚಾಪೆ, ಬಣ್ಣದ ಪೆನ್ಸಿಲ್, ಜೇಡಿಮಣ್ಣು, ಒಂದಷ್ಟು ಆಟದ ಸಾಮಾನು, ಮಾತು ಹೊರಗೆ ಕೇಳದ ಬಾಗಿಲು. ಬಾಗಿಲ ಮೇಲೆ ‘ಮಾನಸಿಕ’ ಅಂತ ಬೋರ್ಡ್ ಬೇಡ, ‘ಮಕ್ಕಳ ಕೋಣೆ’ ಅಂತ ಸಾಕು. ಜಿಲ್ಲೆಗೆ ಒಬ್ಬರು ಮಕ್ಕಳ ಮನೋವೈದ್ಯರನ್ನು ನೇಮಿಸಿ, ಅವರು ಸರದಿ ಮೇಲೆ ಏಳು ತಾಲ್ಲೂಕಿಗೂ ಹೋಗಲಿ. ಅವರಿಲ್ಲದ ಶನಿವಾರ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಕೂರಲಿ, ಅವರಿಗೆ ನಿಮ್ಹಾನ್ಸ್‌ನಲ್ಲಿ ತರಬೇತಿ ಕೊಡಿಸಿ. ಪೂರ್ತಿ ಹುದ್ದೆ ತುಂಬಲು ತಡವಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ವೈದ್ಯಕೀಯ ಕಾಲೇಜಿನ ನೆರವು ಪಡೆಯಿರಿ.

ಆಶಾ ಕಾರ್ಯಕರ್ತೆಯರನ್ನು ಮರೆಯಬೇಡಿ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಹಬ್ಬಿದಾಗ ಮನೆಮನೆಗೆ ಉಣ್ಣಿ ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ, ಲಸಿಕೆಯ ಸುದ್ದಿ ಮುಟ್ಟಿಸಬೇಕಾಗಿ ಬಂತು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಸಿಕ್ಕ ಆ ಕಾಯಿಲೆಯ ಜೊತೆ ಬದುಕಿ ಬದುಕಿ, ಒಂಟಿ ಮನೆಗಳನ್ನು ತಲುಪುವುದು ಹೇಗೆ ಅಂತ ಈ ಜಿಲ್ಲೆ ಕಲಿತಿದೆ. ಯಾವ ಮನೆಯ ಮಗು ಸ್ಕೂಲಿಗೆ ಹೋಗುತ್ತಿಲ್ಲ, ಯಾವ ಮನೆಯ ಹುಡುಗಿ ಕೋಣೆಯಿಂದ ಹೊರಗೇ ಬರುತ್ತಿಲ್ಲ ಅಂತ ಆಶಾ ಕಾರ್ಯಕರ್ತೆಯರಿಗೆ ನಮಗಿಂತ ಮೊದಲೇ ಗೊತ್ತಿರುತ್ತದೆ.

ಕೊನೆಗೆ ಲೆಕ್ಕದ ವಿಷಯ. ಹಿಂದೆ ನಾನಿದ್ದ ಒಂದು ಆಸ್ಪತ್ರೆಯಲ್ಲಿ ತಿಂಗಳ ಮೀಟಿಂಗಿನಲ್ಲಿ ನನ್ನ ಹೆಸರು ಯಾವಾಗಲೂ ಕೆಳಗೆ ಇರುತ್ತಿತ್ತು, ನೋಡಿದ ಪೇಷೆಂಟು ಕಡಿಮೆ ಅಂತ. ಮುಂದೆ ಬರುವ ಎಳೆಯ ಡಾಕ್ಟರುಗಳಿಗೆ ಹಾಗಾಗುವುದು ಬೇಡ. ಈ ಕೋಣೆಯ ರಿಜಿಸ್ಟರಿನಲ್ಲಿ ಎಷ್ಟು ಮಕ್ಕಳು ಬಂದರು ಅಂತ ಬರೆಯುವುದರ ಜೊತೆ ಎಷ್ಟು ಮಕ್ಕಳು ಎರಡನೇ ಸಲ, ಮೂರನೇ ಸಲ ಬಂದರು, ಎಷ್ಟು ಮಕ್ಕಳು ಸ್ಕೂಲಿಗೆ ವಾಪಸ್ ಹೋದರು ಅಂತ ಬರೆಸಿ. ಅದನ್ನೇ ಕೇಳಿ. ಕೇಳುವ ಪ್ರಶ್ನೆ ಬದಲಾದರೆ ಡಾಕ್ಟರು ಕೂರುವ ರೀತಿಯೂ ಬದಲಾಗುತ್ತದೆ.

ಮುಂದಿನ ಶೈಕ್ಷಣಿಕ ವರ್ಷ ಶುರುವಾಗುವ ಹೊತ್ತಿಗೆ ಒಂದೇ ಒಂದು ತಾಲ್ಲೂಕಿನಲ್ಲಿ ಶುರು ಮಾಡಿ ನೋಡಿ. ಸಾಗರವಾದರೂ ಸರಿ, ಹೊಸನಗರವಾದರೂ ಸರಿ. ಡಾಕ್ಟರು ಸಿಗುವ ತನಕ ಶನಿವಾರ ಮಧ್ಯಾಹ್ನ ನಾನು ಬಂದು ಕೂರುತ್ತೇನೆ. ಸಂಬಳ ಬೇಡ. ಕೋಣೆಯ ಕೀಲಿ ಯಾರ ಹತ್ತಿರ ಇದೆ ಅಂತ ತಿಳಿಸಿದರೆ ಸಾಕು.

ಇಂತಿ,
ಒಬ್ಬ ಮಕ್ಕಳ ಮನೋವೈದ್ಯ
ಸಾಗರ, ಶಿವಮೊಗ್ಗ ಜಿಲ್ಲೆ